ಗಂಡನ ವೀಸಾಕ್ಕೆ ಕೊಟ್ಟ ಒಂದು ಹೆಚ್ಚಿನ ಕಾಗದ

ನಿಮ್ಮ ಗಂಡನನ್ನು ಮೊದಲ ಸಲ ಯಾವಾಗ, ಎಲ್ಲಿ ನೋಡಿದಿರಿ? ಒಂದು ದೇಶದ ಸರ್ಕಾರ ಹೆಂಡತಿಯಾದವಳನ್ನು ಹೀಗೆ ಕೇಳುತ್ತದೆ ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ವೀಸಾ ಅರ್ಜಿಯ ಆ ಪ್ರಶ್ನೆಯ ಮುಂದೆ ಕೂತು ಒಬ್ಬಳೇ ನಕ್ಕೆ. ಉತ್ತರ ಸಲೀಸಾಗಿತ್ತು. ಕುಣಿಗಲ್ಲಿನ ಒಂದು ಆಸ್ಪತ್ರೆಯ ವರಾಂಡದಲ್ಲಿ, ನಾನು ಹುಟ್ಟಿ ಒಂದು ಗಂಟೆಯಾಗಿದ್ದಾಗ. ಅವನಿಗೆ ಆಗ ಒಂಬತ್ತು ವರ್ಷ. ನನ್ನ ಅವ್ವನ ತಮ್ಮ ಅವನು. ಹಳೇ ಪಂಚೆಯಲ್ಲಿ ಸುತ್ತಿದ್ದ ನನ್ನನ್ನು ಅಜ್ಜಿ ಮೊದಲು ಕೊಟ್ಟಿದ್ದು ಅವನ ಕೈಗೇ ಅಂತೆ. "ತಗೋ ಕಣೋ, ನಿನ್ ಹೆಂಡ್ತಿ" ಅಂದಳಂತೆ. ಇದನ್ನೆಲ್ಲ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಬರೆದೆ. ಬರೆದು, ಹೆಮ್ಮೆಯಿಂದ ಎರಡು ಸಲ ಓದಿಕೊಂಡೆ.

ನಮ್ಮ ಕಡೆಯವರಿಗೆ ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ. ಸೋದರಮಾವನಿಗೆ ಕೊಟ್ಟರು, ಅಷ್ಟೇ. ಹೊರಗಿನಿಂದ ತಂದರೆ ಗುಣ ಹೇಗೋ ಏನೋ, ನಮ್ಮ ಮನೆ ಮಗು ನಮ್ಮ ಮನೆಯಲ್ಲೇ ಇರಲಿ ಅನ್ನುವುದು ಹಿರಿಯರ ಲೆಕ್ಕಾಚಾರ. ನನ್ನ ತವರು ಗುಬ್ಬಿ ತಾಲ್ಲೂಕಿನ ಹಾಗಲವಾಡಿ, ಅವ್ವನ ತವರು ಯಡಿಯೂರಿನ ಹತ್ತಿರ. ನನಗೆ ಅತ್ತೆಯೂ ಅವ್ವನ ಕಡೆಯ ಅಜ್ಜಿಯೂ ಒಬ್ಬಳೇ. ಅತ್ತೆ ಮನೆ ಕಾಟ ಅಂತ ಬೇರೆಯವರು ಅಳುವಾಗ ನಾನು ಅಜ್ಜಿಯ ತೊಡೆ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಮದುವೆಗೆ ಮೊದಲೂ ಅವನನ್ನು ಮಾವ ಅಂತಿದ್ದೆ, ಆಮೇಲೂ ಮಾವ ಅಂದೆ. ಗುಬ್ಬಿಯಲ್ಲಿ ಅವನದು ಮೋಟಾರ್ ರಿವೈಂಡಿಂಗ್ ಅಂಗಡಿ, ಸುಟ್ಟುಹೋದ ಬೋರ್‌ವೆಲ್ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ನಾನು ತುಮಕೂರಿನಲ್ಲಿ ನರ್ಸು. ಕ್ಯಾತ್ಸಂದ್ರದಲ್ಲಿ ಬಾಡಿಗೆ ಮನೆ. ಮಕ್ಕಳಾಗಲಿಲ್ಲ. ಅದರ ನೋವು ಇತ್ತು, ಈಗಲೂ ಇದೆ, ಅದನ್ನು ಇಲ್ಲಿ ಬಿಡಿಸುವುದಿಲ್ಲ.

ಇಂಗ್ಲೆಂಡಿಗೆ ನರ್ಸುಗಳು ಬೇಕಂತೆ ಅಂದಾಗ ಪರೀಕ್ಷೆ ಬರೆದವಳು ನಾನು, ಹಠ ಹಿಡಿದವಳೂ ನಾನೇ. ಅಜ್ಜಿ ಆಗ ಹಾಸಿಗೆ ಹಿಡಿದಿದ್ದಳು. "ನೀ ಮೊದ್ಲು ಹೋಗು ರತ್ನಿ. ಅವ್ವನ್ನ ಬುಟ್ಟು ನಾನ್ ಹೆಂಗ್ ಬರ್ಲಿ? ಆಮೇಕೆ ಬತ್ತೀನಿ" ಅಂದ ಮಾವ. ಆಮೇಕೆ ಅನ್ನುವುದು ಏಳು ವರ್ಷ ಆಯಿತು.

ಇಲ್ಲಿಗೆ ಬಂದ ಮೊದಲ ತಿಂಗಳಲ್ಲೇ ಗೊತ್ತಾಗಿದ್ದು, ಈ ದೇಶದಲ್ಲಿ ಮನುಷ್ಯರಿಗಿಂತ ಮೊದಲು ಅವರ ಕಾಗದ ಓಡಾಡುತ್ತದೆ ಎಂಬುದು. ಮನೆ ಬಾಡಿಗೆಗೆ ಬೇಕೆಂದರೆ ಬ್ಯಾಂಕಿನ ಕಾಗದ ತಾ ಅಂತಾರೆ. ಬ್ಯಾಂಕಿಗೆ ಹೋದರೆ ಮನೆ ವಿಳಾಸದ ಕಾಗದ ತಾ ಅಂತಾರೆ. ಕ್ಯಾತ್ಸಂದ್ರದಲ್ಲಿ ಓನರಮ್ಮ ಕೇಳಿದ್ದು ಮೂರೇ ಮಾತು: ಯಾವ್ ಕಡೆಯವ್ರು, ಮಾಂಸ ತಿಂತೀರಾ, ನೀರು ಜಾಸ್ತಿ ಚೆಲ್ತೀರಾ. ಆಗ ಮೈ ಉರಿದಿತ್ತು. ಇಲ್ಲಿಯ ಮನೆಯವನು ನನ್ನ ಊಟದ ತಂಟೆಗೇ ಬರಲಿಲ್ಲ. ನನ್ನ ವೀಸಾದ ಫೋಟೋ ತೆಗೆದುಕೊಂಡ, ಅದು ಮುಗಿಯುವ ತಾರೀಖನ್ನು ಗುರುತು ಹಾಕಿಕೊಂಡ. ಹಾಗೆ ಮಾಡದಿದ್ದರೆ ಅವನಿಗೇ ದಂಡವಂತೆ. ಬೈಯುವುದಕ್ಕೂ ಒಂದು ಮುಖ ಬೇಡವೇ? ಓನರಮ್ಮನನ್ನು ಬೈಯಬಹುದಿತ್ತು.

ಭಾಷೆಯೂ ಹಾಗೆಯೇ. ಪರೀಕ್ಷೆಯ ಇಂಗ್ಲಿಷೇ ಬೇರೆ, ನಾನಿರುವ ಈ ನಡು ಇಂಗ್ಲೆಂಡಿನ ಇಂಗ್ಲಿಷೇ ಬೇರೆ. ವಾರ್ಡಿನಲ್ಲಿ ಮೊದಲ ದಿನ ಒಬ್ಬ ಮುದುಕ ನನ್ನನ್ನು "ಡಕ್" ಅಂದ. ಬಾತುಕೋಳಿ ಅಂತಿದಾನಲ್ಲ ಇವನು ಅಂತ ಕಣ್ಣು ಕೆಂಪಗೆ ಮಾಡಿದೆ. ಅದು ಇಲ್ಲಿ ಪ್ರೀತಿಯ ಮಾತು, ನಾವು "ಏನವ್ವಾ" ಅನ್ನುವ ಹಾಗೆ. "ಟೀ ಆಯ್ತಾ" ಅಂದರೆ ಇಲ್ಲಿ ಸಂಜೆಯ ಊಟ ಆಯಿತಾ ಅಂತ. ತಿಂಗಳುಗಟ್ಟಲೆ ನಾನು ಟೀ ಆಯ್ತು ಅಂತ ಹೇಳಿ ಹೊಟ್ಟೆ ಹಸಿದುಕೊಂಡು ಇದ್ದೆ. ಗುಜರಾತಿಯವರ ಒಂದು ಅಂಗಡಿಯಲ್ಲಿ ರಾಗಿ ಹಿಟ್ಟು ಸಿಕ್ಕ ದಿನ ಮಾತ್ರ ಗೆದ್ದೆ ಅನ್ನಿಸಿತು. ಮುದ್ದೆ ಕೋಲಿಲ್ಲದೆ ಮರದ ಸೌಟಿನಲ್ಲಿ ತಿರುವಿ ಮಾವನಿಗೆ ವಿಡಿಯೋದಲ್ಲಿ ತೋರಿಸಿದೆ. "ಗಂಟು ಗಂಟಾಗೈತೆ ಕಣೇ" ಅಂದ. ನಕ್ಕು, ಫೋನಿಟ್ಟು, ಅತ್ತುಬಿಟ್ಟೆ.

ಹೋದ ವರ್ಷ ನನಗೆ ಸೆಟಲ್‌ಮೆಂಟ್ ಸಿಕ್ಕಿತು. ಅಂದರೆ ತಾರೀಖಿನ ಹಂಗಿಲ್ಲದೆ ಇಲ್ಲೇ ಇರಬಹುದು ಅನ್ನುವ ಪರವಾನಗಿ. ಅದೇ ಸುಮಾರಿಗೆ ಅಜ್ಜಿ ತೀರಿಕೊಂಡಳು. ಹನ್ನೊಂದರ ಕಾರ್ಯ ಮುಗಿಸಿ ಮಾವ ಫೋನಿನಲ್ಲಿ ಮೆಲ್ಲಗೆ ಕೇಳಿದ: "ಈಗ ಬರ್ಲೇನೆ?" ಆ ಮಾತಿಗೆ ಏಳು ವರ್ಷ ಕಾದಿದ್ದೆ.

ಗಂಡನನ್ನು ಕರೆಸಿಕೊಳ್ಳುವ ಅರ್ಜಿಯಲ್ಲಿ ಮದುವೆ ಆಗಿದೆ ಎಂದರೆ ಸಾಲದು. ಸಂಬಂಧ ನಿಜವೆಂದು ಸಾಬೀತು ಮಾಡಬೇಕು. ಫೋಟೋ ಕೊಡಿ, ಫೋನ್ ಮಾಡಿದ ದಾಖಲೆ ಕೊಡಿ, ಒಟ್ಟಿಗೆ ಇದ್ದ ಮನೆಯ ಕಾಗದ ಕೊಡಿ. ಕೊಟ್ಟಷ್ಟೂ ಒಳ್ಳೆಯದು ಅಂತ ಎಲ್ಲರೂ ಅಂದರು. ನಮಗೆ ಈ ಸಾಬೀತಿನ ರೋಗ ಗೊತ್ತಿಲ್ಲವೇ? ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವರಿಗೆ ಒಂದು ನಂಬಿಕೆ ಇದೆ: ಯಾವ ಕಚೇರಿಗೆ ಹೋದರೂ ವಂಶವೃಕ್ಷ ಕೈಲಿದ್ದರೆ ಕೆಲಸ ಕೆಡುವುದಿಲ್ಲ. ಖಾತೆ ಬದಲಾವಣೆಗೂ ಅದೇ, ಸಾಲಕ್ಕೂ ಅದೇ, ತೋಟ ಭಾಗವಾಗುವುದಕ್ಕೂ ಅದೇ. ಮನೆತನದಲ್ಲಿ ಯಾರ ಮಕ್ಕಳು ಯಾರು, ಯಾರ ಹೆಂಡತಿ ಯಾರು ಅಂತ ಮೊಹರು ಹಾಕಿ ಕೊಡುವ ಕಾಗದ. ಇಂಗ್ಲೆಂಡಿನವರು ಅದನ್ನು ಕೇಳಿರಲಿಲ್ಲ. ಮಾವನೇ ಅಂದ, "ಕೇಳ್ದೆ ಇದ್ರೂ ಕೊಡಾನ ಬುಡು, ಗಟ್ಟಿ ದಾಖ್ಲೆ." ನಾನೂ ಹೂಂ ಅಂದೆ.

ಅಂಗಡಿ ಬಾಗಿಲು ಹಾಕಿ ಎರಡು ವಾರ ಓಡಾಡಿದ. ನಾಡಕಚೇರಿಗೆ ಅರ್ಜಿ, ಛಾಪಾ ಕಾಗದದ ಮೇಲೆ ಪ್ರಮಾಣ, ಊರಿನ ನಾಲ್ಕು ಜನರ ಸಹಿ, ಆಮೇಲೆ ತುಮಕೂರಿನಲ್ಲಿ ಇಂಗ್ಲಿಷಿಗೆ ಅನುವಾದ, ನೋಟರಿ. ನನ್ನ ತಾತನ ಹೆಸರಿನ ಕೆಳಗೆ ಅವನ ಇಬ್ಬರು ಮಕ್ಕಳು: ನನ್ನ ಅವ್ವ, ಮಾವ. ಅವ್ವನ ಕೆಳಗೆ ಮಗಳು ರತ್ನ. ಮಾವನ ಪಕ್ಕದಲ್ಲಿ ಹೆಂಡತಿ ರತ್ನ. ಒಂದೇ ಹಾಳೆಯಲ್ಲಿ ನನ್ನ ಹೆಸರು ಎರಡು ಕಡೆ, ಎರಡೂ ಸೇರುವ ಹಾಗೆ ಒಂದು ಗೀಟು. ಸಹಿ ಹಾಕಿದ ಹಿರಿಯರೊಬ್ಬರು, "ಇದಕ್ಕಿಂತ ಸಾಕ್ಷಿ ಬೇಕೇನ್ಲಾ, ಹುಟ್ಟಿದಾಗ್ಲಿಂದ ನಿನ್ ಹೆಂಡ್ತಿನೇ ಅವ್ಳು" ಅಂದರಂತೆ. ನಾನು ಅದನ್ನು ಕಂತೆಯ ಎಲ್ಲಕ್ಕಿಂತ ಮೇಲಿಟ್ಟು ಕಳಿಸಿದೆ.

ಮೂರು ತಿಂಗಳ ಮೇಲೆ ಉತ್ತರ ಬಂತು. ತಿರಸ್ಕಾರ. ಕಾರಣ ಎರಡೇ ಸಾಲು. ನಿಮ್ಮ ಉತ್ತರ ಮತ್ತು ನೀವು ಸಲ್ಲಿಸಿದ ಕುಟುಂಬದ ದಾಖಲೆಯ ಪ್ರಕಾರ ಅರ್ಜಿದಾರರು ನಿಮ್ಮ ತಾಯಿಯ ಸಹೋದರ. ಈ ದೇಶದ ಕಾನೂನಿನಲ್ಲಿ ಇದು ನಿಷೇಧಿತ ಸಂಬಂಧ. ನಿಷೇಧಿತ ಅನ್ನುವ ಪದವನ್ನು ಡಿಕ್ಷನರಿಯಲ್ಲಿ ನೋಡಿದೆ, ಗೊತ್ತಿದ್ದೂ ನೋಡಿದೆ. ನಮ್ಮ ಕಾಲ ಮೇಲೆ ನಾವೇ ಕಲ್ಲು ಎತ್ತಿ ಹಾಕಿಕೊಂಡಿದ್ದೆವು, ಅದೂ ನೋಟರಿ ಮಾಡಿಸಿ.

ಸಾಲಿಸಿಟರ್ ಹತ್ತಿರ ಹೋದೆ. ಇಲ್ಲಿ ಆಫೀಸಿನಲ್ಲಿ ಕೂತು ಕಾಗದದ ಕೆಲಸ ಮಾಡುವ ವಕೀಲರಿಗೆ ಹಾಗನ್ನುತ್ತಾರೆ. ನನ್ನ ವಯಸ್ಸಿನ ಹೆಂಗಸು, ಒಳ್ಳೆಯವಳು. ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು: "ಇದನ್ನು ಕಳಿಸಿ ಅಂತ ನಿಮಗೆ ಯಾರು ಹೇಳಿದರು?"

"ಯಾರೂ ಹೇಳಲಿಲ್ಲ. ನಾವೇ ಕೊಟ್ಟೆವು."

"ಹಾಳೆ ಇಲ್ಲದಿದ್ದರೂ ಸತ್ಯ ಹೇಳಲೇಬೇಕಿತ್ತು," ಅಂದಳು. "ಸೋದರಮಾವ ಮತ್ತು ಅಕ್ಕನ ಮಗಳ ನಡುವಿನ ಮದುವೆಗೆ ಈ ವೀಸಾ ಕೊಡುವುದಿಲ್ಲ. ನಿಮ್ಮಲ್ಲಿ ಅದು ಸರಿ ಇರಬಹುದು, ಇಲ್ಲಿ ಇಲ್ಲ."

"ಹಾಗಾದರೆ ನಾವು ತಪ್ಪು ಮಾಡಿದ್ದೇವಾ?" ಅಂತ ಕೇಳಿದೆ.

"ಇಲ್ಲ ಇಲ್ಲ," ಅಂದಳು, ತುಂಬ ಬೇಗ. ಆಮೇಲೆ ತಲೆ ಬಗ್ಗಿಸಿದಳು. ಆಕೆ ನಮ್ಮಿಬ್ಬರನ್ನು ಒಟ್ಟಿಗೆ ಕಲ್ಪಿಸಿಕೊಂಡು ಮುಖ ತಗ್ಗಿಸಿದಳು ಅಂತ ನನಗೆ ಅನ್ನಿಸಿತು. ಇರಲಾರದು, ಆದರೆ ಅನ್ನಿಸಿತು. ಮೈಯೆಲ್ಲ ಕೊಳೆಯಾದ ಹಾಗಾಯಿತು.

ತುಮಕೂರಿನಲ್ಲಿ ನಾನು ಹೆರಿಗೆ ವಾರ್ಡಿನಲ್ಲಿದ್ದಾಗ ಬಂದ ಹೆಂಗಸರನ್ನೆಲ್ಲ ಕೇಳುತ್ತಿದ್ದೆ: "ಸಂಬಂಧದಲ್ಲೇ ಆಗಿದ್ದೀರೇನವ್ವಾ?" ಹೂಂ ಅಂದರೆ ಕೇಸ್ ಶೀಟಿನಲ್ಲಿ ಒಂದು ಟಿಕ್. ಯಾಕೆ ಕೇಳುತ್ತೇವೆ ಅಂತ ಓದಿದ್ದೆ, ನನಗೆ ಮಕ್ಕಳಾಗದಿದ್ದಾಗ ಡಾಕ್ಟರು ನನ್ನ ಶೀಟಿಗೂ ಟಿಕ್ ಹಾಕಿದ್ದರು. ಅಲ್ಲಿ ಅದು ಬಿ.ಪಿ. ಎಷ್ಟು ಅನ್ನುವಂಥದೇ ಇನ್ನೊಂದು ವಿಷಯ. ಯಾರೂ ತಲೆ ಬಗ್ಗಿಸುತ್ತಿರಲಿಲ್ಲ. ಇಲ್ಲಿ ನನ್ನ ಜೊತೆಯ ನರ್ಸುಗಳು "ಗಂಡನ ವೀಸಾ ಏನಾಯ್ತು" ಅಂದರೆ ಕಾಗದ ಸಾಲಲಿಲ್ಲ ಅಂತ ಸುಳ್ಳು ಹೇಳಿದೆ. ಹೆಚ್ಚಾಯಿತು ಅಂತ ಹೇಗೆ ಹೇಳಲಿ? ಅದಕ್ಕಿಂತ ಕೆಟ್ಟದ್ದು ಫೋನಿನಲ್ಲಿ ಆಯಿತು. ಮಾವ ಅನ್ನಲು ನಾಲಗೆ ಹೊರಳುತ್ತಿರಲಿಲ್ಲ. ರೀ ಅಂದು ನೋಡಿದೆ. "ಏನ್ಲೇ, ರೀ ಗೀ ಅಂತೀಯ, ಹುಷಾರಾಗಿದೀಯ ತಾನೇ?" ಅಂದ. ಅವ್ವ ಮಾತ್ರ ಬೆಂಕಿಯಾದಳು: "ಅವ್ರ್ ಯಾರು ನಮ್ ಮದ್ವೆ ಸರಿ ಇಲ್ಲ ಅನ್ನಾಕೆ? ನಾನ್ ನನ್ ತಮ್ಮಂಗೆ ಕೊಟ್ಟಿವ್ನಿ, ಅವ್ರಪ್ಪನ ಮನೆ ಗಂಟೇನ್ ಕೊಟ್ಟಿಲ್ಲ." ಅವಳ ಸಿಟ್ಟನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ನನಗೆ ಸಿಟ್ಟು ಬರುತ್ತಿರಲಿಲ್ಲ, ನಾಚಿಕೆ ಬರುತ್ತಿತ್ತು.

ಉಳಿದ ದಾರಿ ಒಂದೇ, ಸಾಲಿಸಿಟರ್ ಹೇಳಿದ್ದು: ನೋಡಿಕೊಂಡು ಹೋಗಲು ಬರುವವರ ವೀಸಾ. ಮದುವೆ, ಸಂಬಂಧ, ತಿರಸ್ಕಾರ ಎಲ್ಲವನ್ನೂ ಮುಚ್ಚಿಡದೆ ಬರೆದೆವು. ಗುಬ್ಬಿಯ ಅಂಗಡಿ ಇದೆ, ತೆಂಗಿನ ತೋಟ ಇದೆ, ವಾಪಸ್ ಹೋಗಿಯೇ ಹೋಗುತ್ತಾನೆ ಅಂತ ಅದಕ್ಕೂ ಕಾಗದ. ಈ ಸಲ ಕೊಟ್ಟರು. ಇಲ್ಲಿ ಬದುಕಲು ಬಿಡದವರು ನೋಡಿ ಹೋಗಲು ಬಿಟ್ಟರು.

ವಿಮಾನ ನಿಲ್ದಾಣದಲ್ಲಿ ಕೊಬ್ಬರಿ, ಹುರಿಹಿಟ್ಟು, ಅವ್ವ ಕೊಟ್ಟ ಚಟ್ನಿಪುಡಿಯ ಚೀಲ ಹೊತ್ತು ಬಂದ. ಕೂದಲು ಅರ್ಧ ಬೆಳ್ಳಗಾಗಿತ್ತು. ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ, "ಒಳಗೆ ಆಫೀಸರು ಏನಾದ್ರೂ ಕೇಳಿದ್ರಾ?"

"ಯಾರನ್ನ ನೋಡಕ್ ಬಂದೀಯ ಅಂದ. ಅಕ್ಕನ ಮಗ್ಳು ಅಂದೆ."

"ಹೆಂಡ್ತಿ ಅನ್ನಬಾರದಾಗಿತ್ತಾ?" ನಾನು ಸರ್ರನೆ ರೇಗಿದೆ. "ಕಾಗದದಲ್ಲಿ ಎರಡೂ ಬರೆದಿದೀವಿ. ಯಾಕೆ ಹೆದರ್ಕೊಂಡೆ?"

"ಸುಳ್ಳೇನ್ ಹೇಳ್ಲಿಲ್ವಲ್ಲ ಕಣೇ," ಅಂದು ಕಿಟಕಿ ಕಡೆ ತಿರುಗಿದ. ನಾನು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದೆ.

ಒಂದು ತಿಂಗಳಿಗೆ ಬಂದಿದ್ದ. ಮೊದಲ ವಾರ ಚೆನ್ನಾಗಿತ್ತು. ನಾನು ಡ್ಯೂಟಿಗೆ ಹೋದರೆ ಅಡುಗೆ ಮಾಡಿಡುತ್ತಿದ್ದ, ಮನೆಯ ಸ್ವಿಚ್ಚುಗಳನ್ನೆಲ್ಲ ಬಿಚ್ಚಿ ನೋಡುತ್ತಿದ್ದ. ಮೇಜಿನ ಮೇಲಿದ್ದ ಪೌರತ್ವದ ಅರ್ಜಿಯನ್ನು ಎತ್ತಿಕೊಂಡು, "ಇದನ್ನ ತುಂಬುದ್ರೆ ಇಲ್ಲಿಯವ್ಳೇ ಆಯ್ತೀಯಾ?" ಅಂದ. ಹೂಂ, ಆದರೆ ನಮ್ಮ ಪಾಸ್‌ಪೋರ್ಟ್ ವಾಪಸ್ ಕೊಡಬೇಕು ಅಂದೆ. ವಾಪಸ್ ಬಂದುಬಿಡಲಾ ಅಂತಲೂ ಕೇಳಿದೆ. ಅರ್ಜಿಯನ್ನು ಇದ್ದಲ್ಲೇ ಇಟ್ಟು, ಬಿಚ್ಚಿದ್ದ ಸ್ವಿಚ್ಚಿನ ಕಡೆ ತಿರುಗಿದ. ನಿಜ ಹೇಳುತ್ತೇನೆ, ಬಾ ಅಂದಿದ್ದರೆ ಹೋಗುತ್ತಿದ್ದೆನೋ ಇಲ್ಲವೋ ನನಗೂ ಗೊತ್ತಿಲ್ಲ. ಕ್ಯಾತ್ಸಂದ್ರದ ಮನೆಯನ್ನು ನೆನೆದು ಇಲ್ಲಿ ಅಳುತ್ತೇನೆ, ರಜೆಗೆ ಹೋದಾಗ ನಾಲ್ಕನೇ ದಿನಕ್ಕೆ ಇಲ್ಲಿಯ ವಾರ್ಡಿನ ಚಿಂತೆ ಶುರುವಾಗುತ್ತದೆ.

ಎರಡನೇ ವಾರ ಒಂದು ಬೆಳಿಗ್ಗೆ ಇಬ್ಬರೂ ಕಸದ ಡಬ್ಬಿ ಹೊರಗಿಡುತ್ತಿದ್ದೆವು. ಪಕ್ಕದ ಮನೆಯ ಅಜ್ಜಿ, ನನಗೆ ಎಷ್ಟೋ ಸಲ ಸೂಪು ಕೊಟ್ಟವಳು, ಬೇಲಿಯಾಚೆಯಿಂದ ನಗುತ್ತ ಕೇಳಿದಳು, "ಇವರು ಯಾರು?" ಗಂಡ ಅನ್ನಬೇಕಿತ್ತು. ಆಮೇಲೆ ಹೇಗೆ ಪರಿಚಯ, ಎಲ್ಲಿ ಭೇಟಿ ಅಂತ ಕೇಳುತ್ತಾಳೆ, ಇವರಿಗೆಲ್ಲ ಅದೊಂದು ಬೇಕು. ಯೋಚನೆ ಮಾಡುವಷ್ಟರಲ್ಲಿ ಬಾಯಿಂದ ಬಂದುಬಿಟ್ಟಿತ್ತು.

"ಮೈ ಅಂಕಲ್."

ಮಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅಂಕಲ್ ಅನ್ನುವುದು ಗುಬ್ಬಿಯಲ್ಲಿ ಎಳೆ ಮಕ್ಕಳಿಗೂ ಗೊತ್ತು. ಅವನು ಆ ಅಜ್ಜಿಗೆ ಕೈಮುಗಿದು ಒಳಗೆ ಹೋದ. ಬಸ್ಸಿನಲ್ಲಿ ನಾನು ರೇಗಿದ ಹಾಗೆ ಅವನೂ ರೇಗಿದ್ದರೆ ಬದುಕುತ್ತಿದ್ದೆ.

ಮೂರು ದಿನ ಬಿಟ್ಟು ನಾನು ಡ್ಯೂಟಿ ಮುಗಿಸಿ ಬಂದಾಗ ಅವನು ಚೀಲ ತುಂಬುತ್ತಿದ್ದ. ಟಿಕೆಟ್ ಬದಲಾಯಿಸಿಕೊಡು, ನಾಡಿದ್ದೇ ಹೋಗ್ತೀನಿ ಅಂದ. ಇನ್ನೂ ಎರಡು ವಾರ ಇದೆಯಲ್ಲ ಮಾವ ಅಂದೆ. ನಾನು ಅವತ್ತು ಅಂದಿದ್ದಕ್ಕಾ, ತಪ್ಪಾಯ್ತು, ಬಿಟ್ಬಿಡು ಅಂತ ಅವನ ಕೈ ಹಿಡಿದುಕೊಂಡೆ.

ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಅಂಗಿ ಮಡಿಸುತ್ತಲೇ ಇದ್ದ.

"ನೀನೇನೂ ತಪ್ಪಂದಿಲ್ಲ ಬುಡು," ಅಂದ. "ಅಕ್ಕನ ಮಗ್ಳು ಮನೇಲಿ ಎಷ್ಟು ದಿನ ಅಂತ ಉಳ್ಕೊಳಾದು ಕಣೇ? ನೋಡ್ದೋರು ಏನಂದಾರು?"

ತಮಾಷೆ ಮಾಡುತ್ತಿದ್ದಾನೆ ಅಂತ ಅವನ ಮುಖ ನೋಡಿದೆ. ಮಾಡುತ್ತಿರಲಿಲ್ಲ.