ತೇನಿಯ ಹೋಟೆಲಿನಲ್ಲಿ ಸಿಕ್ಕ ನಮ್ಮ ಮಾತು

“ಈಜುಕೊಳ ನೋಡಿ ಮರುಳಾಗಬೇಡಿ. ಬಾಡಿಗೆ ಜಾಸ್ತಿಯಾಯ್ತು. ರೂಮು ಹಿಡಿಸಲಿಲ್ಲ ಅಂತ ಸುಳ್ಳು ಹೇಳಿ ಹೊರಟುಬಿಡೋಣ,” ಎಂದು ತಮಿಳುನಾಡಿನ ತೇನಿಯ ಒಂದು ದೊಡ್ಡ ಹೋಟೆಲಿನ ಕೌಂಟರಿನಲ್ಲೇ ನಿಂತು, ಅಲ್ಲಿ ಯಾರಿಗೂ ತಿಳಿಯದೆಂಬ ಧೈರ್ಯದಿಂದ ನನ್ನ ಗಂಡನಿಗೆ ಕನ್ನಡದಲ್ಲಿ ಹೇಳಿದೆ. ವಾರಾಂತ್ಯ ಕಳೆಯಲು ಮೈಸೂರಿನಿಂದ ಬಂದಿದ್ದ ನಮಗೆ ಕೈಗೆಟುಕುವ ದರದಲ್ಲಿ ಒಳ್ಳೆಯ ಹೋಟೆಲೇ ಬೇಕಿತ್ತು. ಅದು ನಾವು ನೋಡಿದ ಮೂರನೆಯದು.

ಅಷ್ಟು ಹೊತ್ತೂ ತಮಿಳಿನಲ್ಲಿ ಮಾತಾಡುತ್ತಿದ್ದ ಕೌಂಟರಿನ ಹುಡುಗಿ ತಲೆ ಎತ್ತಿ, “ಸುಳ್ಳು ಬ್ಯಾಡ ಅಕ್ಕಾ. ಹಿಂದ್ಗಡೆ ರೂಮಿಗೆ ಬಾಡಿಗೆ ಕಮ್ಮಿ. ಬೆಟ್ಟಾನೂ ಕಾಣ್ತದೆ,” ಎಂದಳು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನನ್ನ ಗಂಡ ಜೋರಾಗಿ ನಕ್ಕುಬಿಟ್ಟರು.

ಅವಳ ಊರು ಹತ್ತಿರದ ತೇವಾರಂ. ಅವರ ಮನೆತನ ಅಲ್ಲಿ ನೆಲೆಸಿ ನೂರಾರು ವರ್ಷವಾದರೂ ಮನೆಯೊಳಗಿನ ಮಾತು ಕನ್ನಡವೇ ಅಂತೆ. ತನಗೆ ಅರ್ಥವಾಗುವಷ್ಟು ಆಡಲು ಬರುವುದಿಲ್ಲ ಎನ್ನುತ್ತಾ ಅಜ್ಜಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು. ನಾನು ಮೈಸೂರಿನವಳು ಎಂದ ಕೂಡಲೇ ಅಜ್ಜಿ ಕೇಳಿದರು: “ಅಲ್ಲಿ ಅಂಗಡೀಲೂ, ಬಸ್ಸಿನಾಗೂ ನಮ್ಮ ಮಾತೇ ಆಡ್ತಾರಾ ತಾಯಿ?” ಹೌದು ಎಂದೆ. ಆ ಕಡೆ ಅಜ್ಜಿ ಮನೆಯವರನ್ನೆಲ್ಲ ಕೂಗಿ ಕರೆದು, ಅದನ್ನೇ ಸಂಭ್ರಮದಿಂದ ಹೇಳುವುದು ಕೇಳಿಸಿತು.

ಹಿಂದ್ಗಡೆ ರೂಮಿನಲ್ಲಿ ಎರಡು ದಿನ ಸುಖವಾಗಿದ್ದು ಬಂದೆವು. ಈಗ ಮೈಸೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ “ಒಳಗಡೆ ಹೋಗ್ರೀ” ಎಂದು ಗದರಿದರೂ ನನಗೆ ಖುಷಿಯಾಗುತ್ತದೆ.