ಮಾವನ ಬಿಳಿ ಅಕ್ಕಿ

ನಾನು ಪದವಿ ಮುಗಿಸುವುದು ಆಗದ ಮಾತು ಎಂದವನು ನನ್ನ ಸೋದರಮಾವ. ತಮಿಳುನಾಡಿನ ನಮ್ಮೂರು ಬೋಡಿಯ ಬಸ್ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆಯನ್ನು ತಾನೇ ಬಸ್ಸಿಗೆ ಏರಿಸುತ್ತ ಅಂದ. ಕೋಪವೇನೂ ಇರಲಿಲ್ಲ. ಸಂಜೆಗೆ ಮೋಡ ಆಗುತ್ತದೆ ಅನ್ನುವಷ್ಟು ಸಲೀಸಾಗಿ ಅವ್ವನಿಗೆ ಹೇಳಿದ.

"ಇವಳ ಮೈ ಒಡಂಬು ತಾಳಾಕಿಲ್ಲ ಅಕ್ಕಾ. ದೀಪಾವಳಿಗೆ ಒಣಗಿ ಕಡ್ಡಿಯಾಗಿ ಬತ್ತಾಳೆ. ಬರ್ಲಿ ಬುಡು. ನಮ್ಮನೇಲಿ ಅನ್ನಕ್ಕೇನು ಕಮ್ಮಿ?"

ನಮ್ಮನೆ ಅಂದರೆ ಅವನ ಮನೆ. ನಾನು ಮೈನೆರೆದಾಗ ಹಸಿರು ಸೊಪ್ಪಿನ ಗುಡಿಸಲು ಕಟ್ಟಿ, ಸೀರೆ ತಂದು, ಎಲ್ಲರೆದುರಿಗೆ ಅರಿಶಿನ ನೀರು ಹಾಕಿಸಿದವನು ಅವನೇ. ತಮಿಳು ಸೀಮೆಯಲ್ಲಿ ನೆಲೆಸಿದ ನಮ್ಮ ಕನ್ನಡದ ಜನದಲ್ಲಿ ಆ ಗುಡಿಸಲು ಕಟ್ಟಿದವನಿಗೆ ಹುಡುಗಿಯ ಮೇಲೆ ಹಕ್ಕು. ಅವನ ಮಗನಿಗೆ ನಾನು ಎಂದು ಯಾರೂ ಬಾಯಿಬಿಟ್ಟು ನಿಶ್ಚಯಿಸಲಿಲ್ಲ, ನಿಶ್ಚಯಿಸುವ ಅಗತ್ಯವೂ ಇರಲಿಲ್ಲ. ಅಪ್ಪ ಇಲ್ಲದ ನಮ್ಮ ಮನೆಗೆ ವರ್ಷವೆಲ್ಲ ಅವನ ಗದ್ದೆಯ ಅಕ್ಕಿಯೇ ಬರುತ್ತಿತ್ತು. ಅಕ್ಕಿ ತಿನ್ನುತ್ತಾ ಬೇಡ ಅನ್ನುವುದು ಹೇಗೆ?

ಕಾಲೇಜು ದಿಂಡಿಗಲ್ಲಿನಲ್ಲಿ. ಅಲ್ಲಿ ಬಾಡಿಗೆ ಎಟುಕದೆ ಒಡ್ಡನ್‌ಛತ್ರಂನಲ್ಲಿ, ತರಕಾರಿ ಮಂಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದೆ. ದಿನಾ ಬಸ್ಸು. ಬಾಡಿಗೆ ಮತ್ತು ಬಸ್ಸಿಗೆ ಕೊಟ್ಟು ಉಳಿದದ್ದರಲ್ಲಿ ಉಪ್ಪು, ಹುಣಸೆ, ಎಣ್ಣೆ ಬಂದರೆ ಹೆಚ್ಚು. ಅಕ್ಕಿ ಮಾತ್ರ ಮೂಟೆಗಟ್ಟಲೆ ಇತ್ತು. ಪಟ್ಟಣಕ್ಕೆ ಹೋಗುವ ಅಕ್ಕಿ ಎಂದು ಮಾವ ಅದನ್ನು ಮಿಲ್ಲಿನಲ್ಲಿ ಇನ್ನೊಂದು ಸಲ ಪಾಲಿಶ್ ಮಾಡಿಸಿ ಕಳಿಸುತ್ತಿದ್ದ. ಅವ್ವ ಗುಟ್ಟಾಗಿ ಸ್ವಲ್ಪ ಕಂಬು ಕಟ್ಟಿಕೊಡಲು ಹೋದಾಗ, ನಾವು ಸಜ್ಜೆಗೆ ಕಂಬು ಅನ್ನುವುದು, ಅವನು ಗಂಟನ್ನು ಬಿಚ್ಚಿಸಿದ್ದ. "ನನ್ನ ಸೊಸೆ ಅಲ್ಲಿ ಕಂಬು ತಿಂದ್ರೆ ನನ್ನ ಮರಿಯಾದಿ ಏನಾತು?"

ಹಾಗಾಗಿ ಬೆಳಿಗ್ಗೆ ಅನ್ನ, ರಸ. ರಾತ್ರಿ ಅನ್ನ, ರಸ. ನಡುವೆ ಹಸಿವಾದರೆ ಟೀ. ಹೊಟ್ಟೆ ತುಂಬುತ್ತಿತ್ತು, ಮೈಗೆ ಏನೂ ಹತ್ತುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಬಸ್ಸಿನಿಂದ ಇಳಿಯುತ್ತಾ ಬಿದ್ದೆ. ಸರ್ಕಾರಿ ಆಸ್ಪತ್ರೆಯ ನರ್ಸ್ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಇದೆ ಎಂದು ಮಾತ್ರೆ ಕೊಟ್ಟಳು. ಸೊಪ್ಪು ತಿನ್ನು, ರಾಗಿ, ಕಂಬು, ಕಡಲೆಕಾಯಿ ತಿನ್ನು, ಊಟದ ಜೊತೆ ಟೀ ಕುಡಿಯಬೇಡ ಎಂದಳು.

ಸುದ್ದಿ ಊರಿಗೆ ಮುಟ್ಟಿತು. ಮಾವ ಫೋನಿನಲ್ಲಿ ಬೈಯಲಿಲ್ಲ. "ಇನ್ನೊಂದು ದಪ ಬಿದ್ರೆ ನಾನೇ ಬಂದು ಕರ್ಕೊಂಡು ಬತ್ತೀನಿ," ಅಂದ. ಅವನ ಮನೆಯವರು ನನಗಾಗಿ ಒಂದು ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾರೆ ಎಂದು ಅವ್ವ ಹೇಳಿದಳು. ಆ ಸುಣ್ಣದ ವಾಸನೆ ಬಸ್ಸಿನಲ್ಲಿ, ತರಗತಿಯಲ್ಲಿ ಎಲ್ಲ ಕಡೆ ನನ್ನ ಮೂಗಿಗೆ ಬರುತ್ತಿತ್ತು.

ಕೋಣೆಯ ಒಡತಿ, ತಮಿಳಿನವರು, ಮಂಡಿಯಲ್ಲಿ ನುಗ್ಗೆಕಾಯಿ ಕಟ್ಟು ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದರು. ಅವರ ಮನೆಯಲ್ಲಿ ಕಂಬು ಧಾರಾಳ, ತಿನ್ನುವವರಿಲ್ಲ. ಗಂಡನಿಗೆ ಬೆಳ್ಳಗಿನ ಅನ್ನವೇ ಆಗಬೇಕು. ನಾನೇ ಕೇಳಿದೆ. ಅಕ್ಕಿಗೆ ಕಂಬು, ಮೇಲೊಂದು ಹಿಡಿ ಕಡಲೆಕಾಯಿ. ಅವರು ನಕ್ಕರು. "ಎಲ್ಲರೂ ಕಂಬು ಕೊಟ್ಟು ಅಕ್ಕಿ ಕೇಳ್ತಾರೆ ಪಾಪಾ, ನೀನು ಉಲ್ಟಾ."

ಆಮೇಲೆ ರಾತ್ರಿ ಕಂಬು ಬೇಯಿಸಿ ನೀರಿನಲ್ಲಿಟ್ಟು, ಬೆಳಿಗ್ಗೆ ಮಜ್ಜಿಗೆ ಕಲಸಿ, ಸಣ್ಣ ಈರುಳ್ಳಿ ಕಚ್ಚಿಕೊಂಡು ಕುಡಿಯುತ್ತಿದ್ದೆ. ಲಾರಿಗಳು ಹೊರಟ ಮೇಲೆ ಮಂಡಿಯಲ್ಲಿ ಸೀಳಿದ ಟೊಮೆಟೊ, ಡೊಂಕು ಬದನೆ ಗುಡ್ಡೆ ಲೆಕ್ಕದಲ್ಲಿ ಸಿಗುತ್ತಿತ್ತು. ನುಗ್ಗೆಸೊಪ್ಪಿಗೆ ಯಾರೂ ಕಾಸು ಕೇಳುತ್ತಿರಲಿಲ್ಲ. ಹುರುಳಿ ಬೇಯಿಸಿದ ನೀರಿಗೆ ಸೊಪ್ಪು ಹಾಕಿ, ಇಳಿಸಿ ನಿಂಬೆ ಹಿಂಡುತ್ತಿದ್ದೆ. ರುಚಿ ಎನ್ನಲಾರೆ, ಬೇಸರವಾಗುತ್ತಿತ್ತು. ಆದರೂ ಬರಬರುತ್ತ ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದು ನಿಂತಿತು.

ಮಾವ ಪಳನಿಗೆ ಮುಡಿ ಕೊಡಲು ಬಂದವನು ಹೇಳದೆ ಕೇಳದೆ ಬಾಗಿಲಿಗೆ ಬಂದು ನಿಂತ. ಬೋಳು ತಲೆ, ತಲೆ ತುಂಬ ಗಂಧ, ಹೆಗಲ ಮೇಲೆ ಹೊಸ ಅಕ್ಕಿ ಚೀಲ. ಒಡತಿ ಬಿಡಲಿಲ್ಲ. ಊಟ ಮಾಡಿಯೇ ಹೋಗಬೇಕು ಅಣ್ಣ ಎಂದು ಒಳಗೆ ಕೂರಿಸಿ ಎಲೆ ಹಾಕಿದರು. ಒಂದು ತುತ್ತು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿದ. ಗದ್ದೆಯವನಿಗೆ ತನ್ನ ಅಕ್ಕಿ ನಾಲಿಗೆಗೆ ತಿಳಿಯದೆ ಇರುತ್ತದೆಯೇ? ಎಲೆ ಮಡಚಿ, ಕೈ ತೊಳೆದು, ಬೀದಿಗೆ ಬಂದ ಮೇಲೆ ತಮಿಳು ಬಿಟ್ಟು ನಮ್ಮ ಕನ್ನಡಕ್ಕೆ ಇಳಿದ.

"ನನ್ನ ಅಕ್ಕಿ ಮಾರ್ಕೊಂಡಿಯಾ?"

"ಮಾರಿಲ್ಲ ಮಾಮ. ಕೊಟ್ಟು ಕಂಬು ಇಸ್ಕೊಂಡೆ."

"ಕಂಬು ಕುಡಿಯಾಕೆ ಇಷ್ಟು ದೂರ ಬಂದ್ಯಾ? ಕೋಳಿಗೆ ಎರಚ್ತೀವಲ್ಲ ಊರಲ್ಲಿ."

"ಅದಕ್ಕೇ ನಿಮ್ಮ ಕೋಳಿ ಬೀಳಾಕಿಲ್ಲ."

ಅವನಿಗೆ ನಗು ಬಂತೋ ಏನೋ, ತುಟಿ ಬಿಗಿಹಿಡಿದ. "ಪೆಟ್ಟಿಗೆ ಕಟ್ಟು."

ಆಸ್ಪತ್ರೆಗೆ ಬನ್ನಿ ಎಂದೆ. ರಕ್ತ ಏರಿರದಿದ್ದರೆ ಈ ಹೊತ್ತಿನ ಬಸ್ಸಿಗೇ ನಿಮ್ಮ ಜೊತೆ ಬರುತ್ತೇನೆ, ಏರಿದ್ದರೆ ಪದವಿಯ ಕೊನೆಯ ಪರೀಕ್ಷೆ ಮುಗಿಯುವವರೆಗೆ ಊರಿಗೆ ಬಾ ಎಂದು ಕೇಳಬಾರದು. ಅವನು ಒಪ್ಪಿದ. ತಾನು ಸೋಲುತ್ತೇನೆಂದು ಅವನಿಗೆ ಅನ್ನಿಸಿರಲಿಕ್ಕಿಲ್ಲ. ಅದೇ ನರ್ಸ್ ಬೆರಳಿಗೆ ಚುಚ್ಚಿದಳು. ಅವಳು ಕಾಗದ ನೋಡುವಷ್ಟು ಹೊತ್ತು ನಾನು ಅವನ ಚಪ್ಪಲಿಯನ್ನೇ ನೋಡುತ್ತಿದ್ದೆ. ಏರಿದೆ, ಚೆನ್ನಾಗಿಯೇ ಏರಿದೆ, ಹೀಗೇ ತಿನ್ನು ಎಂದಳು.

ಮಾವ ಕೊಟ್ಟ ಮಾತು ಉಳಿಸಿಕೊಂಡ. ಅಕ್ಕಿ ಚೀಲ ಮಾತ್ರ ಮತ್ತೆ ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದ.

ಅಲ್ಲಿಂದ ಅಕ್ಕಿ ಬರುವುದು ನಿಂತು, ಕೊಟ್ಟು ಪಡೆಯಲು ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ. ಕಾಲೇಜಿಗೆ ಮುಂಚೆ ಒಡತಿಯ ಜೊತೆ ಕೂತು ನುಗ್ಗೆಕಾಯಿ ಕಟ್ಟಿದೆ, ಕೂಲಿಯಲ್ಲಿ ಕಂಬು, ಹುರುಳಿ ಕೊಂಡೆ. ಬಾಳೆನಾರಿಗೆ ಬೆರಳು ಸೀಳಿದವು, ಪೆನ್ನು ಹಿಡಿದರೆ ಉರಿಯುತ್ತಿತ್ತು. ಪರೀಕ್ಷೆಯವರೆಗೆ ಎಂದು ನಾನೇ ಗಡುವು ಕೊಟ್ಟಿದ್ದೆ, ಪರೀಕ್ಷೆ ಹತ್ತಿರವಾಗುತ್ತಲೇ ಇತ್ತು.

ಪರೀಕ್ಷೆ ಮುಗಿಯಿತು, ಮದುವೆಯ ಮಾತು ಇನ್ನೂ ಬಂದಿರಲಿಲ್ಲ. ಪದವಿ ಪ್ರದಾನದ ದಿನ ಅವ್ವನ ಜೊತೆ ಮಾವನೂ ಬಂದ, ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ. ವೇದಿಕೆಯ ಮೇಲೆ ಪ್ರಮಾಣಪತ್ರ ಕೈಗೆ ಬಂತು. ನಮ್ಮ ಎರಡೂ ಮನೆಗಳಲ್ಲಿ ಅದೇ ಮೊದಲನೆಯದು. ಹೊರಗೆ ಬಂದವಳು ಅದನ್ನು ನೇರ ಮಾವನ ಕೈಗೆ ಕೊಟ್ಟೆ. ಟವೆಲಿಗೆ ಕೈ ಒರೆಸಿ ಹಿಡಿದುಕೊಂಡ, ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದ. ಆಮೇಲೆ ಅವ್ವನ ಕಡೆ ತಿರುಗಿದ.

"ನನ್ನ ಮಗನಿಗೆ ಬೇರೆ ಕಡೆ ನೋಡ್ತೀನಿ ಅಕ್ಕಾ, ಇವಳು ಅವನಿಗೆ ಅಡಂಗಾಕಿಲ್ಲ, ಬಗ್ಗಾಕಿಲ್ಲ. ಆದ್ರೆ ಇವಳಿಗೆ ಗಂಡು ನೋಡೋನು ನಾನೇ."