ಬಸು ಎಲ್ಲಿಗೆ ಹೊರಟ ಎಂದು ಕೇಳಬಾರದು

ಬಸುವಿನ ಮೇಲೆ ನನಗೆ ಮೊದಲು ಹೊಟ್ಟೆಕಿಚ್ಚು ಹುಟ್ಟಿದ್ದು ಅವನ ನಿದ್ದೆಯನ್ನು ನೋಡಿ. ಪಟಾನ್‌ಚೆರುವಿನ ಮಾತ್ರೆ ಕಾರ್ಖಾನೆಗೆ ನಾವಿಬ್ಬರೂ ಹೋಗುವ ಬಸ್ಸಿನಲ್ಲಿ ಅವನು ಕಂಬ ಹಿಡಿದು ನಿಂತೇ ನಿದ್ದೆ ಮಾಡುತ್ತಾನೆ. ನಾನು ಕಿಟಕಿಯ ಪಕ್ಕ ಕೂತು, ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡು, ತಿಂದ ಉಪ್ಪಿಟ್ಟು ತಿಂದ ಜಾಗದಲ್ಲೇ ಇರಲಿ ಎಂದು ದೇವರನ್ನು ಬೇಡುತ್ತಿರುತ್ತೇನೆ. ಬಸ್ಸು ಹತ್ತಿದರೆ ನನಗೆ ವಾಂತಿ. ಇದು ಕಾರ್ಖಾನೆಯ ಗೇಟಿನವರಿಗೂ ಗೊತ್ತಿರುವ ವಿಷಯ.

ಬಸುವಿನ ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಬಂದವರು. ಮಿಯಾಪುರದಲ್ಲಿ ಕಟ್ಟಡ ಏಳುವವರೆಗೆ ಅಲ್ಲಿ, ಅದು ಎದ್ದ ಮೇಲೆ ಕೊಂಪಲ್ಲಿಯಲ್ಲಿ, ಹೀಗೆ ತಗಡಿನ ಶೆಡ್ಡಿನಿಂದ ತಗಡಿನ ಶೆಡ್ಡಿಗೆ ಅವನ ಬಾಲ್ಯ ನಡೆಯಿತು. ಮರಳಿನ ಗುಡ್ಡೆಯ ಮೇಲೆ, ಸಿಮೆಂಟಿನ ಖಾಲಿ ಚೀಲದ ಮೇಲೆ ಮಲಗಿ ಬೆಳೆದವನಿಗೆ ಎಲ್ಲಿ ಬೆನ್ನು ಊರಿದರೂ ಅದು ಮನೆ. ನನಗೆ ದಿಂಬು ಬದಲಾದರೆ ನಿದ್ದೆ ಹತ್ತುವುದಿಲ್ಲ.

ಅವನು ಐಟಿಐ ಮುಗಿಸಿ ಮಾತ್ರೆ ಒತ್ತುವ ಯಂತ್ರಗಳ ಫಿಟ್ಟರ್ ಆದ. ನಾನು ಕಲಬುರಗಿಯವನು. ಅವೇ ಯಂತ್ರ, ಅದೇ ಕೆಲಸ, ಡಿಪ್ಲೊಮಾ ಎಂಬ ಒಂದು ಕಾಗದ ಮಾತ್ರ ಹೆಚ್ಚು. ಬಸುವಿನ ಅಪ್ಪ ಈಗಿಲ್ಲ. ಅವನು, ಅವನ ತಾಯಿ ಯಂಕಮ್ಮ ಇರುವ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ಊಟವೂ ಯಂಕಮ್ಮನ ಕೈಯದೇ. ಹೀಗಾಗಿ ನನ್ನ ಹೊಟ್ಟೆ ತುಂಬುವುದೂ ಉರಿಯುವುದೂ ಒಂದೇ ಮನೆಯಲ್ಲಿ.

ಆ ಯಂತ್ರಗಳನ್ನು ಮಾರುವ ಕಂಪನಿಗೆ ಊರೂರು ತಿರುಗಿ ರಿಪೇರಿ ಮಾಡುವವನೊಬ್ಬ ಬೇಕಾಗಿದ್ದ. ಹುದ್ದೆ ಒಂದೇ. ಇಬ್ಬರೂ ಅರ್ಜಿ ಹಾಕಿದೆವು. ನನಗೆ ಆ ಕೆಲಸ ಯಾಕೆ ಬೇಕಿತ್ತು ಎಂದರೆ, ಬಸುವಿಗೆ ಬೇಕಿತ್ತು, ಅದಕ್ಕೇ. ಜೊತೆಗೆ, ಊರೂರಿನ ಫೋಟೊ ಫೋನಿನ ಸ್ಟೇಟಸ್ಸಿಗೆ ಹಾಕುವವನು ನಾನಾಗಬೇಕು, ನೋಡುವವನು ಅವನಾಗಬೇಕು.

ಅರ್ಜಿಯಲ್ಲಿ ಕೇಳಿದ್ದರು: ಕೆಲಸಕ್ಕಾಗಿ ಪ್ರಯಾಣ ಮಾಡಲು ಸಿದ್ಧರಿದ್ದೀರಾ? ತಿಂಗಳಿಗೆ ಎಷ್ಟು ದಿನ? ಎಲ್ಲೆಲ್ಲಿಗೆ?

"ಹೌದು. ಎಷ್ಟು ದಿನವಾದರೂ. ಭಾರತದ ಯಾವ ಮೂಲೆಗಾದರೂ" ಎಂದು ನಾನು ಬರೆದೆ. ಬರೆಯುವಾಗ ವಾಂತಿ ಬರುವುದಿಲ್ಲ ನೋಡಿ.

ಬಸು "ಹೌದು" ಎಂದ, "ಅರ್ಧ ತಿಂಗಳು" ಎಂದ, ಮೂರನೆಯದನ್ನು ಖಾಲಿ ಬಿಟ್ಟ.

"ಅದ್ಯಾಕಲೇ ಬಿಟ್ಟಿ?"

"ಹೊಂಡೋ ಮುಂದ ಎಲ್ಲಿಗೆ ಅಂತ ಕೇಳಬಾರದಲೇ ಚಂದ್ರಾ. ಇವರಿಗೆ ಅಷ್ಟೂ ತಿಳಿಯಂಗಿಲ್ಲೇನು?"

ಇದು ಯಂಕಮ್ಮನ ಮನೆಯ ಕಾನೂನು. ಹೊರಟವರನ್ನು 'ಎಲ್ಲಿಗೆ' ಎಂದು ಕೇಳಿದರೆ ಹೋದ ಕೆಲಸ ಕೆಟ್ಟಿತು. ಯಾರಾದರೂ ಕೇಳಿಬಿಟ್ಟರೆ ಹೊರಟವನು ಒಳಗೆ ಬಂದು, ಕಾಲಲ್ಲಿದ್ದದ್ದನ್ನು ಬಿಟ್ಟು, ಕೂತು, ನೀರು ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಹೋಗಬೇಕು. ಕೇಳದೆ ಜೀವ ತಡೆಯದಿದ್ದರೆ "ದೂರ ಹೊಂಟಿಯೇನು" ಎನ್ನಬಹುದು, ಅಷ್ಟೇ.

ಸಂದರ್ಶನ ಊರ ನಡುವಿನ ಅಬಿಡ್ಸ್‌ನಲ್ಲಿ. ಬಸುವಿಗೆ ಬೆಳಿಗ್ಗೆ, ನನಗೆ ಮಧ್ಯಾಹ್ನ. ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊಸ್ತಿಲು ದಾಟಿದ. ಆ ಅಂಗಿ ಅವನಿಗೆ ಎಷ್ಟು ಒಪ್ಪಿತ್ತೆಂದರೆ, ಹಲ್ಲುಜ್ಜುತ್ತಿದ್ದ ನನ್ನ ಬಾಯಿಂದ ನೊರೆಯ ಜೊತೆಗೇ ಮಾತೂ ಜಾರಿತು.

"ಎಲ್ಲಿಗೆಲೇ, ಮದುಮಗ ಆದಂಗ ಆಗಿ?"

ಒಳಗಿನಿಂದ ಯಂಕಮ್ಮ ಲಟ್ಟಣಿಗೆ ಸಮೇತ ಬಂದಳು. "ಏ ಚಂದ್ರಾ! ನಿನ್ನ ನಾಲಿಗಿಗೆ ಏನ್ ಬಂದೈತೋ? ಹೊಂಟ ಹುಡುಗನ್ನ ಎಲ್ಲಿಗೆ ಅಂತಾರೇನು? ಬಾ ಬಸ್ಯಾ, ಬೂಟ್ ಬಿಚ್ಚು, ಕುಂಡ್ರು."

"ಯವ್ವಾ, ಬಸ್ಸು..."

"ಬಸ್ಸಿನ ಮನಿ ಹಾಳಾಗ್ಲಿ. ಕುಂಡ್ರಂದೆ."

ಬಸು ಕೂತ. ನೀರು ಕುಡಿದ. ಅವನ ಬಸ್ಸು ಹೋಯಿತು, ಮುಂದಿನದು ಬಾಗಿಲಿಗೆ ಜನ ಜೋತುಬಿದ್ದು ಬಂತು, ಅದರ ಮುಂದಿನದು ಬರಲೇ ಇಲ್ಲ. ಕೊನೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಅವನು ನಿಂತು ನಿದ್ದೆ ಮಾಡಿದ. ಇಳಿದಾಗ ಅವನ ಅಂಗಿಯ ಗೆರೆ ಹಾಗೇ ಇತ್ತು, ನಾನೇ ಮುದುಡಿಹೋಗಿದ್ದೆ.

ನನ್ನನ್ನು ಮೊದಲು ಕರೆದರು. ಕೇಳುವವರು ಸತ್ಯಭಾಮಾ ಮೇಡಂ, ತೆಲುಗಿನವರು. "ಯಾವ ಮೂಲೆಗಾದರೂ ಹೋಗ್ತೀರಾ?" ಎಂದರು. ಹೋಗುತ್ತೇನೆ ಎಂದೆ. "ಮುಖ ಯಾಕೆ ಹೀಗೆ ಬಿಳಿಚಿಕೊಂಡಿದೆ?" ಬೆವರು ಒರೆಸಲೆಂದು ಕರ್ಚೀಫ್ ಎಳೆದೆ. ಅದರೊಳಗಿನ ನಿಂಬೆಹಣ್ಣು ಮೇಜಿನ ಮೇಲೆ ಬಿದ್ದು, ಉರುಳಿಕೊಂಡು ಹೋಗಿ ಅವರ ಮುಂದೆ ನಿಂತಿತು.

"ಇದೇನು?"

"ಬಸ್ಸಿಗೆ, ಮೇಡಂ."

ಅವರು ಅರ್ಜಿ ನೋಡಿದರು, ನಿಂಬೆಹಣ್ಣು ನೋಡಿದರು. ಆಮೇಲೆ ಅದನ್ನು ನನ್ನ ಕೈಗೇ ಕೊಟ್ಟರು. "ಇಟ್ಟುಕೊಳ್ಳಿ. ವಾಪಸ್ ಹೋಗಬೇಕಲ್ಲ."

ಆಮೇಲೆ ಬಸು ಒಳಹೋದ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನಗೆ ಒಳಗಿನ ನಗು ಕೇಳಿಸಿತು. ನಿಂಬೆಹಣ್ಣನ್ನು ಹಿಸುಕಿದೆ.

ವಾಪಸ್ ಬರುವಾಗ ಅವನೇ ಹೇಳಿದ. "ಯಾಕ ತಡ ಅಂದ್ರು. ಮನ್ಯಾಗ ನಮ್ಮ ದೋಸ್ತ ಎಲ್ಲಿಗೆ ಅಂದಬಿಟ್ಟ ಮೇಡಂ, ಕುಂತು ನೀರ್ ಕುಡದು ಬಂದೆ ಅಂದೆ. ಅಯ್ಯೋ, ನಮ್ಮ ಅತ್ತೆನೂ ಹಿಂಗೇ, ಮದುವಿಗೆ ಹೊಂಟ ನನ್ನ ವಾಪಸ್ ಕೂಡಿಸಿದ್ಲು ಅಂತ ನಕ್ರು ನೋಡು!"

"ಅಷ್ಟಕ್ಕ ಕೆಲಸ ಕೊಡ್ತಾರೇನು?"

"ನಾಳೆ ಕಂಪನಿ ಕಳಿಸಿದಾಗ ಯಾರರೆ ಕೇಳಿದ್ರ ರೈಲು ತಪ್ಪಿಸಿಕೋತೀಯೇನು ಅಂದ್ರು. ಇಲ್ರಿ, ಇನ್ನ ಮ್ಯಾಲೆ ಒಂದು ತಾಸು ಮೊದಲ ಹೊಂಡ್ತೀನಿ, ಕೇಳೋವ್ರು ಎಲ್ಲಾ ಕಡೆ ಇರ್ತಾರ ಅಂದೆ. ಅದನ್ನ ಬರಕೊಂಡ್ರು."

ಕೆಲಸ ಅವನಿಗೇ ಸಿಕ್ಕಿತು. ನಾನು ಬಾಯಿ ಮುಚ್ಚಿಕೊಂಡು ಹಲ್ಲುಜ್ಜಿದ್ದರೆ ಅವನು ಹೊತ್ತಿಗೆ ಸರಿಯಾಗಿ ಹೋಗಿ, ಎಲ್ಲರಂತೆ "ಹೌದು ಮೇಡಂ" ಎಂದು ಬರುತ್ತಿದ್ದನೇನೋ. ನನ್ನ ಹೊಟ್ಟೆಕಿಚ್ಚೇ ಅವನ ಶಿಫಾರಸು ಪತ್ರವಾಯಿತು.

ಮೊದಲ ಸಲ ಅವನು ಹೊರಟದ್ದು ಒಂದು ಭಾನುವಾರ ಮಧ್ಯಾಹ್ನ. ರೈಲು ನಾಂಪಲ್ಲಿಯಿಂದ, ಎಲ್ಲಿಗೆ ಎಂಬುದನ್ನು ತಾಯಿ ಮಗ ಇಬ್ಬರೂ ಬಾಯಿಬಿಡಲಿಲ್ಲ. ಹೊಸ ಚೀಲ, ಹೊಸ ಬೂಟು. ಅವನು ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡಿದ.

"ದೂರಾ?" ಎಂದೆ, ಕಾನೂನಿನೊಳಗೇ ಇದ್ದು.

"ದೂರ."

"ಭಾಳ ದೂರಾ?"

"ಭಾಳ." ಅವನ ಮೀಸೆಯಡಿ ನಗುವಿತ್ತು. "ಕೇಳಲೇ, ಕೇಳು. ಸಾಯಬ್ಯಾಡ. ಒಂದು ತಾಸು ಮೊದಲ ಹೊಂಟೀನಿ."

"ಎಲ್ಲಿಗೆ?"

ಅಡುಗೆಮನೆಯಲ್ಲಿ ಪಾತ್ರೆಯೊಂದರ ಸದ್ದಾಯಿತು. "ಮತ್ತ ಕೇಳಿದ್ನಾ ಇವಾ!" ಬಸು ಬೂಟು ಬಿಚ್ಚಿ ಒಳಬಂದು ಕೂತ. ಯಂಕಮ್ಮ ಬೈಯುತ್ತಲೇ ಅವನಿಗೆ ನೀರು ಕೊಟ್ಟಳು, ಇಬ್ಬರಿಗೂ ಚಹಾ ಇಟ್ಟಳು.

"ದಮನ್," ಎಂದ ಬಸು, ಚಹಾ ಊದಿಕೊಳ್ಳುತ್ತ. "ಸಮುದ್ರದ ದಂಡಿಗೇ ಐತಂತ ಫ್ಯಾಕ್ಟರಿ."

ಸಮುದ್ರ! ನಾನು ಇದುವರೆಗೆ ನೋಡಿದ ದೊಡ್ಡ ನೀರೆಂದರೆ ಹುಸೇನ್ ಸಾಗರ. ಕೇಳಬಾರದಿತ್ತು. ಯಂಕಮ್ಮನ ಕಾನೂನಿನಲ್ಲಿ ಏನೋ ಅರ್ಥವಿದೆ.

ಅವನು ಹೋದ ಮೇಲೆ ಯಂಕಮ್ಮ ನಾಳೆಯ ಬಸ್ಸಿಗೆಂದು ಒಂದು ನಿಂಬೆಹಣ್ಣು ತಂದು ನನ್ನ ಮುಂದಿಟ್ಟಳು. ಎಲ್ಲಿಗೆ ಎಂದು ನನ್ನನ್ನು ಯಾರೂ ಕೇಳಬೇಕಾಗಿಲ್ಲ.